ನೀಲಿ ಜೇಡ ಬೇಕು ಅಂದವನಿಗೆ: ಬಳ್ಳಾರಿ ಬಿಸಿಲಿಗೆ ಯಾವ ಟ್ಯಾರಂಟುಲಾ?

ಕೌಲ್ ಬಜಾರಿನಲ್ಲಿ ನಮ್ಮದು ಜೀನ್ಸ್ ಹೊಲಿಯುವ ಚಿಕ್ಕ ಘಟಕ. ಮುಂದಿನ ಕೋಣೆಯಲ್ಲಿ ಆರು ಮಷೀನು, ಹಿಂದಿನ ಕೋಣೆಯಲ್ಲಿ ನಾಲ್ಕು ಡಬ್ಬಿ. ಆ ಡಬ್ಬಿಗಳಲ್ಲಿ ಟ್ಯಾರಂಟುಲಾ, ಅಂದರೆ ಮೈತುಂಬ ರೋಮದ ದೊಡ್ಡ ಜೇಡಗಳು, ಇವೆ ಅಂತ ಗೊತ್ತಾದ ದಿನದಿಂದ ನಮ್ಮ ಟೇಲರ್‌ಗಳು ನೂಲಿನ ಉಂಡೆ ಬೇಕಾದರೂ ಒಳಗೆ ಬರುವುದಿಲ್ಲ. ನಾನೇ ಎದ್ದು ಹೋಗಿ ತಂದುಕೊಡಬೇಕು.

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. ಬೆಂಗಳೂರಲ್ಲಿ ಓದು ಮುಗಿಸಿ ಊರಿಗೆ ಬಂದಿದ್ದಾನೆ. "ಮಾಮ, ನಂಗೂ ಒಂದು ಜೇಡ ಬೇಕು. ಫೋಟೋ ಕಳ್ಸೀನಿ ನೋಡು, ಆ ನೀಲಿದು." ನೋಡಿದೆ. ಅವನು ಕಳಿಸಿದ್ದು ಒಂದಲ್ಲ, ಮೂರು ಫೋಟೋ. ಮೂರೂ ನೀಲಿಯೇ. ಆದರೆ ಮೂರು ಬೇರೆ ಬೇರೆ ಜಾತಿ, ಮೂರು ಬೇರೆ ದೇಶ, ಸ್ವಭಾವಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಅವನಿಗೆ ಮೂರೂ ಒಂದೇ ಅನ್ನಿಸಿತ್ತು. ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆಯುತ್ತಿದ್ದೇನೆ. ಟ್ಯಾರಂಟುಲಾಗಳಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಎಲ್ಲವನ್ನೂ ಹೋಲಿಸಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಬಳ್ಳಾರಿಯಂಥ ಊರಲ್ಲಿ ಕೂತು ಆರಿಸುವವನಿಗೆ ಲೆಕ್ಕಕ್ಕೆ ಬರುವುದು ಹತ್ತರೊಳಗೆ.

ಬಣ್ಣ ಆಮೇಲೆ, ಮೊದಲು ಯಾವ ಕಡೆಯದು ಅಂತ ಕೇಳಿ

ಸಾಕುವವರು ಟ್ಯಾರಂಟುಲಾಗಳನ್ನು ಮೊದಲು ಎರಡು ಪಾಲು ಮಾಡುತ್ತಾರೆ. ಅಮೆರಿಕ ಖಂಡಗಳ ಕಡೆಯವು ಒಂದು ಪಾಲು, ಏಷ್ಯಾ ಮತ್ತು ಆಫ್ರಿಕಾದವು ಇನ್ನೊಂದು ಪಾಲು. ಇದು ಸುಮ್ನೆ ಭೂಗೋಳದ ಪಾಠ ಅಲ್ಲ. ಜೇಡಕ್ಕೆ ಸಿಟ್ಟು ಬಂದಾಗ ಅದು ಏನು ಮಾಡುತ್ತದೆ ಅನ್ನುವುದು ಇದರ ಮೇಲೆ ನಿಂತಿದೆ.

ಅಮೆರಿಕದ ಕಡೆಯ ಹೆಚ್ಚಿನವುಗಳ ಹೊಟ್ಟೆಯ ಮೇಲೆ ತುರಿಕೆ ರೋಮ ಇರುತ್ತದೆ. ಹೆದರಿದರೆ ಹಿಂಗಾಲಿನಿಂದ ಹೊಟ್ಟೆಯನ್ನು ಪರಪರ ಕೆರೆದು ಆ ರೋಮವನ್ನು ಗಾಳಿಗೆ ತೂರುತ್ತವೆ. ಬರಿಗಣ್ಣಿಗೆ ಅದು ಧೂಳಿನ ಹಾಗೆ ಕಾಣಬಹುದು, ಅಷ್ಟೇ. ಆದರೆ ಒಂದೊಂದು ರೋಮಕ್ಕೂ ಕೊಕ್ಕೆ ಮುಳ್ಳುಗಳಿವೆ, ಚರ್ಮಕ್ಕೆ ಹೊಕ್ಕರೆ ಸುಲಭವಾಗಿ ಬರುವುದಿಲ್ಲ. ನನ್ನ ಎಡಗೈ ಮಣಿಕಟ್ಟಿಗೆ ಒಮ್ಮೆ ಬಿದ್ದಿತ್ತು. ಎರಡು ದಿನ ಕೆಂಪಗೆ ಉಬ್ಬಿ, ಹಸಿ ಮೆಣಸಿನಕಾಯಿ ಬಿಡಿಸಿದ ಕೈಯಂತೆ ಉರಿಯಿತು. ಚರ್ಮಕ್ಕಾದರೆ ಅಷ್ಟಕ್ಕೇ ಮುಗಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣಿನ ಡಾಕ್ಟರೇ ನೋಡಬೇಕು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಬ್ಬ ಗಾಜಿನ ಪೆಟ್ಟಿಗೆ ತೊಳೆಯುವಾಗ ಮುಖಕ್ಕೆ ರೋಮ ಹಾರಿ, ಕಣ್ಣಿನ ಒಳಗೇ ಸೇರಿಕೊಂಡ ಪ್ರಕರಣ ವೈದ್ಯರ ಪತ್ರಿಕೆಯಲ್ಲಿ ಬಂದಿತ್ತು. ಅವನು ಸಾಕಿದ್ದು ಬಹಳ ಸಾಧು ಅಂತ ಹೆಸರಾದ ಚಿಲಿಯನ್ ರೋಸ್. ಡಬ್ಬಿ ತೊಳೆಯುವಾಗ ಕನ್ನಡಕ ಹಾಕಿಕೊಳ್ಳಿ, ಅಷ್ಟು ಸಾಕು.

ಏಷ್ಯಾ, ಆಫ್ರಿಕಾದವಕ್ಕೆ ಈ ರೋಮ ಇಲ್ಲ. ಅದಕ್ಕೇ ಅವು ಬೇರೆ ದಾರಿ ಹಿಡಿದಿವೆ. ಓಟ ಜಾಸ್ತಿ, ಸಿಟ್ಟು ಜಾಸ್ತಿ, ವಿಷದ ತೀವ್ರತೆಯೂ ಜಾಸ್ತಿ. ಟ್ಯಾರಂಟುಲಾ ಕಚ್ಚಿ ಮನುಷ್ಯ ಸತ್ತದ್ದು ಖಚಿತವಾಗಿ ದಾಖಲಾಗಿಲ್ಲ, ಹೌದು. ಆದರೆ ನಮ್ಮ ದೇಶದ ಮರದ ಜೇಡಗಳು ಕಚ್ಚಿದರೆ ಮೈಯ ಸ್ನಾಯುಗಳು ಹಿಡಿದುಕೊಳ್ಳುತ್ತವೆ. ಆ ಸೆಳೆತ ಕೆಲವರಿಗೆ ದಿನಗಟ್ಟಲೆ ಇರುತ್ತದೆ, ಹೋಯಿತು ಅಂದುಕೊಂಡ ಮೇಲೆ ಮತ್ತೆ ಬಂದದ್ದೂ ಉಂಟು. ಮೊದಲ ಸಲ ಸಾಕುವವನು ಏಷ್ಯಾ, ಆಫ್ರಿಕಾದ್ದನ್ನು ತರಬಾರದು ಅನ್ನುವುದು ಇದಕ್ಕೇ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ಪಾಲು ಮಾಡುವ ಇನ್ನೊಂದು ಬಗೆ ಸುಲಭ. ನೆಲದ್ದಾ, ಮರದ್ದಾ, ಬಿಲದ್ದಾ? ನೆಲದ್ದು ದಪ್ಪ, ಕಾಲು ಗಿಡ್ಡ, ನಡಿಗೆ ನಿಧಾನ. ಮರದ್ದು ಹಗುರ, ಕಾಲಿನ ತುದಿ ಅಗಲ, ಗಾಜಿನ ಮೇಲೂ ಸಲೀಸಾಗಿ ಹತ್ತುತ್ತದೆ. ಬಿಲದ್ದು ಮಣ್ಣೊಳಗೆ ಹೋದರೆ ನಿಮಗೆ ಕಾಣುವುದು ಮಣ್ಣು ಮಾತ್ರ.

ಮೂರು ನೀಲಿ

ಅಳಿಯ ಕಳಿಸಿದ ಮೊದಲ ಫೋಟೋ ಪೊಸಿಲೊಥೀರಿಯಾ ಮೆಟಾಲಿಕಾ. ಇಡೀ ಮೈ ನೀಲಿ, ಕಾಲಿನ ಕೀಲುಗಳಲ್ಲಿ ಹಳದಿ, ಬೆನ್ನ ಮೇಲೆ ಬಿಳಿ ಎಲೆಯಂಥ ಚಿತ್ತಾರ. ಜಗತ್ತಿನಲ್ಲೆಲ್ಲ ಇದನ್ನು 'ಗೂಟಿ ಸಫೈರ್' ಅಂತ ಕರೆಯುತ್ತಾರೆ. ಅವನು ಅದು ಯಾವುದೋ ವಿದೇಶದ ಹೆಸರು ಅಂದುಕೊಂಡಿದ್ದ.

"ಲೋ, ಗೂಟಿ ಅಂದ್ರೆ ನಮ್ಮ ಗುತ್ತಿ ಕಣೋ. ಗುಂತಕಲ್ ದಾಟಿದ್ರೆ ಬರ್ತದಲ್ಲ, ಅದು."

ಐದು ನಿಮಿಷ ನಂಬಲಿಲ್ಲ. ಪೋಕಾಕ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಈ ಜೇಡಕ್ಕೆ ಹೆಸರಿಟ್ಟದ್ದು 1899ರಲ್ಲಿ. ಅವನ ಕೈಗೆ ಸಿಕ್ಕ ಜೇಡ ಬಂದದ್ದು ಗುತ್ತಿಯ ರೈಲ್ವೆ ಕಟ್ಟಿಗೆ ಅಂಗಳದಿಂದ. ಅದಕ್ಕೆ 17 ವರ್ಷ ಮೊದಲು, 1882ರವರೆಗೆ, ಗುತ್ತಿ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲೇ. ಆಮೇಲೆ ಅನಂತಪುರ ಜಿಲ್ಲೆ ಮಾಡಿ ಅದಕ್ಕೆ ಸೇರಿಸಿದರು. ಸ್ವಲ್ಪದರಲ್ಲಿ ತಪ್ಪಿತು, ಇಲ್ಲದಿದ್ದರೆ ಜಗತ್ತಿನ ಅತಿ ಚೆಂದದ ಜೇಡ ನಮ್ಮ ಜಿಲ್ಲೆಯದು ಅಂತ ಹೇಳಿಕೊಳ್ಳಬಹುದಿತ್ತು.

ಆದರೆ ನಿಜವಾಗಿ ಅದು ಗುತ್ತಿಯದೂ ಅಲ್ಲ. ಮರದ ದಿಮ್ಮಿಗಳ ಜೊತೆ ರೈಲಿನಲ್ಲಿ ಬಂದಿರಬೇಕು ಅನ್ನುತ್ತಾರೆ. ಆಮೇಲೆ ನೂರು ವರ್ಷ ಅದನ್ನು ಯಾರೂ ಕಾಡಿನಲ್ಲಿ ಕಾಣಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಪೂರ್ವ ಘಟ್ಟದ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅಲ್ಲಿ ಹಳೆಯ ಮರಗಳ ಪೊಟರೆಗಳಲ್ಲಿ ಇರುತ್ತದೆ. ಮರ ಕಡಿದರೆ ಮನೆ ಹೋಯಿತು. ಅದರ ನೆಲೆ 100 ಚದರ ಕಿಲೋಮೀಟರಿಗೂ ಕಡಿಮೆ. ತೀವ್ರ ಅಪಾಯದಲ್ಲಿರುವ ಜೀವಿ ಅಂತ 2008ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಪಟ್ಟಿಗೆ ಸೇರಿತು.

ಆ ನೀಲಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ನನ್ನ ಕಸುಬೇ ನೀಲಿಯದು. ಜೀನ್ಸಿನ ನೀಲಿ ನೂಲಿಗೆ ಹತ್ತಿದ ಬಣ್ಣ. ಒಗೆದಷ್ಟೂ ಹೋಗುತ್ತದೆ, ನಮ್ಮೂರಿನ ವಾಷಿಂಗ್ ಘಟಕದವರು ಬದುಕುವುದೇ ಅದರಿಂದ. ಜೇಡದ ನೀಲಿಯಲ್ಲಿ ನೀಲಿ ಬಣ್ಣವೇ ಇಲ್ಲ. ಕೂದಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿವೆ, ಬೆಳಕು ಅವುಗಳಿಗೆ ತಾಗಿ ನೀಲಿಯಾಗಿ ವಾಪಸ್ ಬರುತ್ತದೆ. ಟ್ಯಾರಂಟುಲಾ ಕುಟುಂಬದಲ್ಲಿ ಈ ನೀಲಿ ಕನಿಷ್ಠ 8 ಸಲ ಬೇರೆ ಬೇರೆಯಾಗಿ ಹುಟ್ಟಿದೆ ಅಂತ 2015ರ ಒಂದು ಅಧ್ಯಯನ ಹೇಳುತ್ತದೆ. ಅಳಿಯನ ಮೂರು ಫೋಟೋಗಳ ನೀಲಿಗಳೂ ಒಂದಕ್ಕೊಂದು ದಾಯಾದಿಗಳಲ್ಲ ಅನ್ನುವುದು ಇದಕ್ಕೇ.

ಈ ಮೊದಲ ನೀಲಿ ನಿಮಗೆ ಬೇಡ. ಒಂದು, ಅದು ಏಷ್ಯಾದ್ದು, ಮರದ್ದು, ಮಿಂಚಿನ ಓಟದ್ದು. ನೀವು ಮುಚ್ಚಳ ತೆಗೆದು "ಎಲ್ಲಿದೆ" ಅನ್ನುವಷ್ಟರಲ್ಲಿ ಮೊಣಕೈ ಮೇಲೆ ಇರುತ್ತದೆ. ಎರಡು, ಪೊಸಿಲೊಥೀರಿಯಾ ಕುಲ ಇಡೀ 2019ರಲ್ಲಿ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಜೀವಿಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೇ ಪಟ್ಟಿಗೆ ಸೇರಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಸೈಟಿಸ್ ಪಟ್ಟಿಯ ಜೀವಿಗಳಿಗೆ ಬೇರೆ ಅನುಸೂಚಿಯೇ ಇದೆ. ಅಂಥದ್ದನ್ನು ಮನೆಯಲ್ಲಿಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಅದರ ನಿಯಮಗಳು 2024ರಲ್ಲಿ ಬಂದವು. ಮೂರನೆಯದು ಕಾಯ್ದೆಯ ಮಾತಲ್ಲ. ಅರ್ಧ ದಿನದ ದಾರಿಯ ಕಾಡಿನಲ್ಲಿ ಬೆರಳೆಣಿಕೆಯ ಪೊಟರೆಗಳಲ್ಲಿ ಉಳಿದುಕೊಂಡಿರುವುದನ್ನು "ಕಡಿಮೆಗೆ ಸಿಗುತ್ತೆ ಸರ್, ಲೋಕಲ್" ಅಂತ ಯಾರಾದರೂ ಡಬ್ಬಿಯಲ್ಲಿ ತೋರಿಸಿದರೆ, ಅದು ಎಲ್ಲಿಂದ ಬಂದಿದೆ ಅಂತ ಬೇರೆ ಹೇಳಬೇಕಾ?

ಎರಡನೇ ಫೋಟೋ ಕೋಬಾಲ್ಟ್ ಬ್ಲೂ, ಸೈರಿಯೊಪಾಗೋಪಸ್ ಲಿವಿಡಸ್. ಮಯನ್ಮಾರ್, ಥಾಯ್ಲೆಂಡ್ ಕಡೆಯದು. ಹೊಟ್ಟೆ ಬೂದು, ಕಾಲು ಮಾತ್ರ ಕಡು ನೀಲಿ, ಅದೂ ಬೆಳಕು ಬಿದ್ದರೆ. ಪಕ್ಕಾ ಬಿಲದ ಜೇಡ. ಆಳಕ್ಕೆ ತೋಡಿಕೊಂಡು ಒಳಗೆ ಹೋದರೆ ವಾರಗಟ್ಟಲೆ ಮುಖ ತೋರಿಸುವುದಿಲ್ಲ, ತೋರಿಸಿದಾಗ ಸಿಟ್ಟಿನ ಮುಖವನ್ನೇ ತೋರಿಸುತ್ತದೆ. ಮಣ್ಣು ಸದಾ ತೇವ ಇರಬೇಕು. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಮಣ್ಣು ಸದಾ ತೇವ ಇಡುವ ಮನೆ ಇದ್ದರೆ ವಿಳಾಸ ಕೊಡಿ, ನಾನೇ ಬಂದು ಇರುತ್ತೇನೆ.

ಮೂರನೇ ಫೋಟೋ ನೋಡಿ ನಾನೇ ಫೋನಿನಲ್ಲಿ "ಇದನ್ನ ಹಿಡ್ಕೋ" ಅಂದೆ. ಗ್ರೀನ್ ಬಾಟಲ್ ಬ್ಲೂ. ಸಾಕುವವರು ಜಿಬಿಬಿ ಅನ್ನುತ್ತಾರೆ. ಪುಸ್ತಕದ ಹೆಸರು ಕ್ರೊಮ್ಯಾಟೊಪೆಲ್ಮಾ ಸಯಾನಿಯೊಪ್ಯುಬೆಸೆನ್ಸ್, ಅದನ್ನು ಒಂದೇ ಉಸಿರಲ್ಲಿ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಕಾಲು ಹೊಳೆಯುವ ನೀಲಿ, ಬೆನ್ನ ಮುಂಭಾಗ ಹಸಿರು ಬಾಟಲಿಯ ಬಣ್ಣ, ಹೊಟ್ಟೆ ಕಿತ್ತಳೆ. ಇದು ವೆನೆಜುವೆಲಾದ ಉತ್ತರ ತುದಿಯ ಪರಗ್ವಾನಾ ಪರ್ಯಾಯ ದ್ವೀಪದ್ದು. ಅಲ್ಲಿ ಕಾಡು ಅಂದರೆ ಕಳ್ಳಿ, ಮುಳ್ಳುಗಿಡ, ಒಣ ನೆಲ. ನಮ್ಮ ಸಂಡೂರು ರಸ್ತೆಯ ಪಕ್ಕದ ಕುರುಚಲನ್ನು ನೆನೆಸಿಕೊಳ್ಳಿ, ಹೆಚ್ಚೂಕಡಿಮೆ ಅದೇ. ನಮ್ಮ ಪಾಪಾಸುಕಳ್ಳಿಯೂ ಆ ಕಡೆಯಿಂದಲೇ ಬಂದದ್ದು ಅಲ್ವಾ.

ಇದರ ಇನ್ನೊಂದು ಗುಣ ಬಲೆ. ಡಬ್ಬಿಯೊಳಗೆ ಎರಡು ಒಣ ಕಡ್ಡಿ ಓರೆಯಾಗಿ ಇಟ್ಟರೆ ಸಾಕು. ಹದಿನೈದು ದಿನದಲ್ಲಿ ಬಿಳಿ ಜಮಖಾನ ಹಾಸಿ, ಸುರಂಗ ಮಾಡಿ, ಅದರ ಬಾಯಲ್ಲಿ ಕೂತುಕೊಳ್ಳುತ್ತದೆ. ಬಿಲದ ಜೇಡದ ಹಾಗೆ ಮಾಯವಾಗುವುದಿಲ್ಲ. ಬಿಟ್ಟ ಜಿರಳೆ ಬಲೆಯ ಮೇಲೆ ಕಾಲಿಟ್ಟಿತೋ ಇಲ್ಲವೋ, ಎರಗಿ ಬಿಡುತ್ತದೆ. ಸೈಟಿಸ್ ಪಟ್ಟಿಯಲ್ಲೂ ಇಲ್ಲ. ದೋಷ ಇಲ್ಲವೇ? ಇದೆ. ಪುಕ್ಕಲು. ಸ್ವಲ್ಪ ಅಲುಗಿದರೂ ಓಡುತ್ತದೆ, ರೋಮ ತೂರುತ್ತದೆ. ಕೈ ಮೇಲೆ ಬಿಟ್ಟುಕೊಂಡು ಫೋಟೋ ತೆಗೆಸುವವರಿಗೆ ಇದು ಬೇಡ. ನನ್ನ ಕೇಳಿದರೆ ಅಂಥವರಿಗೆ ಯಾವ ಟ್ಯಾರಂಟುಲಾವೂ ಬೇಡ. ಮೊಣಕಾಲೆತ್ತರದಿಂದ ಬಿದ್ದರೂ ಇವುಗಳ ಹೊಟ್ಟೆ ಒಡೆದುಹೋಗಬಹುದು.

ನೀಲಿಯ ಹಟ ಇಲ್ಲದವರಿಗೆ

ಹಟ ಇಲ್ಲದಿದ್ದರೆ ಕೆಲಸ ಇನ್ನೂ ಸಲೀಸು. ಚಿಲಿಯನ್ ರೋಸ್, ಅಂದರೆ ಗ್ರಾಮೊಸ್ಟೋಲಾ ರೋಸಿಯಾ. ಕಂದು ಮೈ, ಬೆಳಕು ಬಿದ್ದರೆ ಸ್ವಲ್ಪ ಗುಲಾಬಿ ಝಳಕು. ಹುಟ್ಟು ಸೋಮಾರಿ. ಇಟ್ಟಲ್ಲಿ ಇರುತ್ತದೆ. ಒಣ ಮಣ್ಣು, ಒಂದು ಬಟ್ಟಲು ನೀರು, ಅಡಗಲು ಒಡೆದ ಹೂಕುಂಡದ ತುಂಡು, ಮುಗಿಯಿತು. ಇದಕ್ಕೊಂದು ವಿಚಿತ್ರ ಅಭ್ಯಾಸವಿದೆ. ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ನನ್ನದು ಒಮ್ಮೆ ದೀಪಾವಳಿಗೆ ಊಟ ಬಿಟ್ಟದ್ದು ಯುಗಾದಿ ಆದ ಮೇಲೆ ತಿಂದಿತು. ನಮ್ಮ ಮನೆಯವಳು "ಸತ್ತೋಗೈತೆ, ತೆಗೀರಿ" ಅಂತ ವಾರಕ್ಕೊಮ್ಮೆ ಹೇಳುತ್ತಿದ್ದಳು. ನೀರಿನ ಬಟ್ಟಲು ತುಂಬಿಟ್ಟು ಸುಮ್ಮನಿರಬೇಕು. ಹೊಟ್ಟೆ ಸುಕ್ಕುಗಟ್ಟದಿದ್ದರೆ ಚಿಂತೆ ಬೇಡ.

ಕರ್ಲಿ ಹೇರ್, ಟ್ಲಿಲ್ಟೊಕ್ಯಾಟಲ್ ಆಲ್ಬೊಪಿಲೋಸಸ್. ಕೋಸ್ಟರಿಕಾ, ನಿಕರಾಗುವಾ ಕಡೆಯದು. ಮೈಮೇಲೆಲ್ಲ ಉದ್ದುದ್ದ ಗುಂಗುರು ಕೂದಲು, ಎಣ್ಣೆ ಕಾಣದ ತಲೆಯ ಹಾಗೆ. ನೋಡಲು ಅಂಥ ಚೆಂದವೇನಲ್ಲ. ಆದರೆ ಗಟ್ಟಿ ಜೀವ, ಹೊಟ್ಟೆಬಾಕ, ಮಣ್ಣು ತೋಡಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊತ್ತು ಹಾಕುತ್ತಲೇ ಇರುತ್ತದೆ. ಮಕ್ಕಳಿರುವ ಮನೆಗೆ ನೋಡಲು ಇದೇ ಮಜಾ, ಏನಾದರೂ ಮಾಡುತ್ತಿರುತ್ತದಲ್ಲ. ಚಿಲಿಯನ್ ರೋಸ್ ಎದುರು ಮಕ್ಕಳು ಎರಡು ನಿಮಿಷ ನಿಲ್ಲುವುದಿಲ್ಲ.

ಮೆಕ್ಸಿಕನ್ ರೆಡ್‌ನೀ ಎಲ್ಲರಿಗೂ ಸಿನಿಮಾದಲ್ಲಿ ನೋಡಿ ಗೊತ್ತಿರುವ ಟ್ಯಾರಂಟುಲಾ. ಕಪ್ಪು ಮೈ, ಮೊಣಕಾಲಿಗೆ ಕಿತ್ತಳೆ ಪಟ್ಟಿ. ಇದರ ಹೆಸರಲ್ಲಿ ಒಂದು ಗೊಂದಲ ಇತ್ತು. ವರ್ಷಾನುಗಟ್ಟಲೆ ಬ್ರಾಕಿಪೆಲ್ಮಾ ಸ್ಮಿತಿ ಅಂತ ಮಾರಿದ್ದರಲ್ಲಿ ಹೆಚ್ಚಿನದು ಬೇರೆ ಜಾತಿ, ಬ್ರಾಕಿಪೆಲ್ಮಾ ಹಮೋರಿ ಅಂತ 2017ರಲ್ಲಿ ತೀರ್ಮಾನವಾಯಿತು. ಹೆಣ್ಣು ಜೇಡ 25 ವರ್ಷ ದಾಟಿ ಬದುಕುತ್ತದೆ. ಬೆಳೆಯುವುದು ಮಾತ್ರ ಆಮೆ ಲೆಕ್ಕ. ಮರಿ ತಂದರೆ ಬಣ್ಣ ನೋಡಲು ವರ್ಷಗಟ್ಟಲೆ ಕಾಯಬೇಕು. ರೆಡ್‌ನೀ ಮತ್ತು ಕರ್ಲಿ ಹೇರ್ ಎರಡೂ ಸೈಟಿಸ್ ಪಟ್ಟಿಯಲ್ಲಿವೆ. ಕಾಗದ ಪತ್ರ ಇಲ್ಲದೆ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಬೇಡದವುಗಳ ಪಟ್ಟಿ ಬೇಗ ಮುಗಿಸುತ್ತೇನೆ. ಪಿಂಕ್‌ಟೋ ಮರದ ಜೇಡ, ಸಾಧು, ಕಾಲಿನ ತುದಿ ಗುಲಾಬಿ, ಬಹಳ ಮುದ್ದು. ಆದರೆ ಅಮೆಜಾನ್ ಕಡೆಯದು, ನಮ್ಮ ಒಣ ಗಾಳಿಗೆ ಆಗಿಬರುವುದಿಲ್ಲ. ತೇವ ಮಾಡಲು ಹೋಗಿ ಗಾಳಿ ಮುಚ್ಚಿದರೆ ಅದೂ ಸಾಯುತ್ತದೆ. ಗೋಲಿಯತ್, ಥೆರಫೋಸಾ ಬ್ಲಾಂಡಿ, ಕಾಲು ಚಾಚಿದರೆ 30 ಸೆಂಟಿಮೀಟರ್ ಹತ್ತಿರ, ಊಟದ ತಟ್ಟೆ ತುಂಬುತ್ತದೆ. ಕಾಲುಗಳನ್ನು ಉಜ್ಜಿ ಹಾವಿನ ಹಾಗೆ ಬುಸ್ ಅನ್ನುತ್ತದೆ. ಅದರ ರೋಮದ ತುರಿಕೆ ಎಲ್ಲಕ್ಕಿಂತ ಕೆಟ್ಟದ್ದು, ತೇವವೂ ಬೇಕು. ಆಫ್ರಿಕಾದ ಕಿತ್ತಳೆ ಬಬೂನ್, ಟೆರಿನೊಕೈಲಸ್ ಮ್ಯೂರಿನಸ್, ತಮಾಷೆ ಅಂದರೆ ನಮ್ಮ ಹವೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬಳ್ಳಾರಿಗೆ ಹೊಂದುತ್ತದೆ, ಬಳ್ಳಾರಿ ಮನುಷ್ಯರಿಗೆ ಹೊಂದುವುದಿಲ್ಲ. ಮುಚ್ಚಳ ತೆಗೆದರೆ ಮುಂಗಾಲೆತ್ತಿ ನಿಂತೇ ಇರುತ್ತದೆ.

ನಮ್ಮ ಪಶ್ಚಿಮ ಘಟ್ಟದಲ್ಲಿ ಮಣ್ಣಿನ ದಿಬ್ಬಗಳಲ್ಲಿ ಬಿಲ ತೋಡುವ ಜೇಡಗಳಿವೆ. ಕೈಲೋಬ್ರಾಕಿಸ್ ಫಿಂಬ್ರಿಯೇಟಸ್, ಥ್ರಿಗ್ಮೋಪಿಯಸ್ ಟ್ರಕ್ಯುಲೆಂಟಸ್. ದಾಂಡೇಲಿ ಕಡೆ ಹೋದಾಗ ರಸ್ತೆ ಪಕ್ಕದ ಮಣ್ಣಿನ ಕೊರೆತದಲ್ಲಿ ಬಾಯಿಗೆ ರೇಷ್ಮೆ ಹಚ್ಚಿದ ತೂತು ಕಂಡರೆ ಟಾರ್ಚ್ ಬಿಟ್ಟು ನೋಡಿ, ಬನ್ನಿ. ಕಿತ್ತುಕೊಂಡು ಬರಬೇಡಿ.

"ಅಣ್ಣಾ, ಇದು ಟ್ಯಾರಂಟುಲಾನಾ?"

ಇದು ನನಗೆ ವಾಟ್ಸಾಪಿನಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ. ಸಿರುಗುಪ್ಪದಿಂದ ಒಬ್ಬರು, ಕಂಪ್ಲಿಯಿಂದ ಇನ್ನೊಬ್ಬರು, ಅಡುಗೆಮನೆ ಗೋಡೆಯ ಫೋಟೋ. ಇಲ್ಲಿಯವರೆಗೆ ಬಂದ ಫೋಟೋಗಳಲ್ಲಿ ಒಂದೂ ಟ್ಯಾರಂಟುಲಾ ಆಗಿರಲಿಲ್ಲ.

ಗೋಡೆಯ ಮೇಲೆ ಅಂಗೈಯಗಲ ಚಪ್ಪಟೆಯಾಗಿ, ಕಾಲುಗಳನ್ನು ಏಡಿಯ ಹಾಗೆ ಪಕ್ಕಕ್ಕೆ ಚಾಚಿ ಕೂತಿದ್ದರೆ ಅದು ಹಂಟ್ಸ್‌ಮನ್. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆ ಹಿಡಿದುಕೊಂಡಿದ್ದರೆ ತಾಯಿ, ಆ ಬಿಲ್ಲೆ ಮೊಟ್ಟೆಯ ಚೀಲ. ಜಿರಳೆ ತಿನ್ನುತ್ತದೆ, ಇರಲಿ ಬಿಡಿ. ಹೊಲದಲ್ಲಿ ರಾತ್ರಿ ಟಾರ್ಚ್ ಬಿಟ್ಟರೆ ನೆಲದಲ್ಲಿ ಕಣ್ಣು ಹೊಳೆದು, ಬೆನ್ನ ಮೇಲೆ ಮರಿಗಳ ರಾಶಿ ಹೊತ್ತಿದ್ದರೆ ತೋಳ ಜೇಡ. ಟ್ಯಾರಂಟುಲಾ ಅನ್ನುವ ಹೆಸರು ಮೊದಲು ಇದ್ದದ್ದೇ ಇದಕ್ಕೆ. ಇಟಲಿಯ ಟರಾಂಟೊ ಊರಿನ ತೋಳ ಜೇಡದ ಹೆಸರು ಆಮೇಲೆ ಅಮೆರಿಕದ ದೊಡ್ಡ ಜೇಡಗಳಿಗೆ ಅಂಟಿಕೊಂಡಿತು. ಬೇಸಿಗೆ ರಾತ್ರಿ ದೀಪದ ಕೆಳಗೆ ಹುಚ್ಚು ಹಿಡಿದ ಹಾಗೆ ಓಡುವ, ಹತ್ತು ಕಾಲಿದ್ದಂತೆ ಕಾಣುವುದು ಜೇಡವೇ ಅಲ್ಲ, ಕ್ಯಾಮೆಲ್ ಸ್ಪೈಡರ್ ಅಂತ ಬೇರೆ ಗುಂಪಿನದು. ಬಲೆ ಹೆಣೆದು ನಡುವೆ ತಲೆಕೆಳಗಾಗಿ ಕೂತಿದ್ದರೆ ಫೋಟೋ ತೆಗೆಯುವುದೂ ಬೇಡ, ಟ್ಯಾರಂಟುಲಾ ಹಾಗೆ ಕೂರುವುದಿಲ್ಲ.

ಖಾತ್ರಿ ಮಾಡಿಕೊಳ್ಳಬೇಕೆಂದರೆ ಹಲ್ಲು ನೋಡಬೇಕು. ಮನೆಯ ಜೇಡಗಳ ವಿಷದ ಹಲ್ಲು ಇಕ್ಕಳದ ಹಾಗೆ ಎರಡು ಕಡೆಯಿಂದ ಬಂದು ಸೇರುತ್ತವೆ. ಟ್ಯಾರಂಟುಲಾದ ಹಲ್ಲು ಅಕ್ಕಪಕ್ಕ ನಿಂತ ಎರಡು ಗುದ್ದಲಿ. ಎರಡೂ ಒಟ್ಟಿಗೆ ಮೇಲಿಂದ ಕೆಳಕ್ಕೆ ಬೀಳುತ್ತವೆ. ಅದಕ್ಕೇ ಕಚ್ಚುವ ಮೊದಲು ಮುಂಭಾಗ ಎತ್ತಿ ನಿಲ್ಲುತ್ತದೆ.

ಗಂಡಾ, ಹೆಣ್ಣಾ

ಇಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ. ನನ್ನ ಮೊದಲ ಚಿಲಿಯನ್ ರೋಸ್ ಅನ್ನು ದೊಡ್ಡ ಊರಿನ ಮಾರಾಟಗಾರನೊಬ್ಬ "ಗ್ಯಾರಂಟಿ ಹೆಣ್ಣು" ಅಂತ ಹೇಳಿ ಜಾಸ್ತಿ ರೇಟಿಗೆ ಕೊಟ್ಟ. ಮುಂದಿನ ಸಲ ಪೊರೆ ಬಿಟ್ಟು ಹೊರಗೆ ಬಂದಾಗ ನೋಡಿದರೆ ಬಾಯಿ ಪಕ್ಕದ ಪುಟ್ಟ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ಹಾಕಿದ ಹಾಗೆ ಉಬ್ಬಿದೆ, ಮುಂಗಾಲಿನ ಒಳಗಡೆ ಕೊಕ್ಕೆ ಬಂದಿದೆ. ಗಂಡು. ಅದೂ ಪ್ರಾಯಕ್ಕೆ ಬಂದ ಗಂಡು. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ, ನನ್ನದು ಹತ್ತು ತಿಂಗಳಿಗೆ ಹೋಯಿತು. ಫೋನ್ ಮಾಡಿದರೆ ಆ ಮನುಷ್ಯ "ನಿಮ್ಮೂರಿನ ಬಿಸಿಲಿಗೆ ಆಗಿರ್ಬೇಕು ಸರ್" ಅಂದ.

ಗಂಡು ಹೆಣ್ಣು ಗೊತ್ತಾಗುವ ದಾರಿ ಒಂದು ಇದೆ. ಬಿಟ್ಟ ಪೊರೆಯ ಹೊಟ್ಟೆಯ ಭಾಗವನ್ನು ನೀರಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ, ಒಳಗಿನಿಂದ ನೋಡಬೇಕು. ಮೇಲಿನ ಜೋಡಿ ಉಸಿರಾಟದ ಚೀಲಗಳ ನಡುವೆ ಸಣ್ಣ ಜೇಬಿನಂಥದ್ದು ಕಂಡರೆ ಹೆಣ್ಣು. ನಾನು ನೂಲು ಕೀಳುವ ಚಿಮಟದಲ್ಲಿ ಈ ಕೆಲಸ ಮಾಡುತ್ತೇನೆ. ಹೆಣ್ಣು ಅಂತ ಹೇಳಿ ಹೆಚ್ಚು ದುಡ್ಡು ಕೇಳುವವನ ಹತ್ತಿರ ಪೊರೆಯ ಫೋಟೋ ಕೇಳಿ. ಇಲ್ಲ ಅಂದರೆ ಮರಿಯ ರೇಟಿಗೆ ಕೊಡು ಅನ್ನಿ.

ಪೊರೆ ಅಂದ ಕೂಡಲೇ ಹೇಳಬೇಕಾದದ್ದು. ಎರಡು ವರ್ಷದ ಹಿಂದೆ ಮೇ ತಿಂಗಳ ಒಂದು ರಾತ್ರಿ ಕರೆಂಟ್ ಹೋಗಿತ್ತು. ಮೊಬೈಲ್ ಟಾರ್ಚ್ ಹಿಡಿದು ಹಿಂದಿನ ಕೋಣೆಗೆ ಹೋದರೆ ಜಿಬಿಬಿ ಬಲೆಯ ಮೇಲೆ ಅಂಗಾತ ಬಿದ್ದಿದೆ, ಎಂಟು ಕಾಲೂ ಮೇಲೆ. ಸೆಖೆಗೆ ಸತ್ತಿತು ಅಂತ ಎದೆ ಧಸಕ್ಕೆಂದಿತು. ಡಬ್ಬಿ ಮುಟ್ಟದೆ ಅಲ್ಲೇ ನೆಲದ ಮೇಲೆ ಕೂತೆ. ಅರ್ಧ ಗಂಟೆ ಕಳೆದ ಮೇಲೆ ಎದೆಯ ಮೇಲಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಬಿಟ್ಟುಕೊಂಡಿತು. ಕಾಲುಗಳನ್ನು ಒಂದೊಂದಾಗಿ ಎಳೆಯಲಿಲ್ಲ, ಎಂಟನ್ನೂ ಒಟ್ಟಿಗೆ, ಎಳೆದು, ನಿಲ್ಲಿಸಿ, ಮತ್ತೆ ಎಳೆದು. ಬಿಗಿಯಾದ ಜೀನ್ಸ್ ಬಿಚ್ಚುವಾಗ ನಾವು ಮಾಡುವುದೂ ಅದನ್ನೇ. ಹಳೆಯ ಪೊರೆಯ ನೀಲಿ ಮಂಕಾಗಿತ್ತು. ಹೊರಗೆ ಬಂದದ್ದರ ನೀಲಿ ಮೊಬೈಲ್ ಬೆಳಕಿಗೆ ಹಸಿ ಹಸಿಯಾಗಿ ಹೊಳೆಯುತ್ತಿತ್ತು. ಹಲ್ಲು ಮಾತ್ರ ಬಿಳಿ. ಹೊಸ ಹಲ್ಲು ಗಟ್ಟಿಯಾಗಿ ಕಪ್ಪಾಗುವವರೆಗೆ ಊಟ ಹಾಕಬಾರದು. ಆಗ ಜಿರಳೆ ಬಿಟ್ಟರೆ ಜಿರಳೆಯೇ ಜೇಡವನ್ನು ಕಡಿದುಬಿಡಬಹುದು.

ಅಂಗಾತ ಬಿದ್ದಿದ್ದರೆ ಪೊರೆ ಬಿಡುತ್ತಿದೆ. ಸಾಯುವ ಟ್ಯಾರಂಟುಲಾ ಕಾಲುಗಳನ್ನು ಹೊಟ್ಟೆಯ ಕೆಳಗೆ ಮುದುರಿಕೊಂಡು, ನೆಟ್ಟಗೆ ಕೂತೇ ಸಾಯುತ್ತದೆ. ಇಷ್ಟು ಗೊತ್ತಿಲ್ಲದೆ ಜೀವಂತ ಜೇಡವನ್ನು ಕಸಕ್ಕೆ ಎಸೆದವರನ್ನು ನಾನು ಬಲ್ಲೆ.

ನಮ್ಮ ಬಿಸಿಲು, ನಮ್ಮ ಹೊಲ

ಒಣ ನಾಡಿನ ಜೇಡ ಅಂದ ಮಾತ್ರಕ್ಕೆ 42 ಡಿಗ್ರಿ ತಡೆಯುತ್ತದೆ ಅಂತಲ್ಲ. ಮರುಭೂಮಿಯ ಜೇಡವೂ ಹಗಲು ಬಿಲದೊಳಗೇ ಇರುತ್ತದೆ. ನಮಗೆ ಹಿತವಾದ 24ರಿಂದ 28 ಡಿಗ್ರಿ ಅದಕ್ಕೂ ಹಿತ. ಆರ್‌ಸಿಸಿ ಮನೆಯ ಮೇಲಿನ ಮಹಡಿ ಬೇಡವೇ ಬೇಡ. ಕೆಳಗಿನ ಕೋಣೆ, ಕಡಪ ಕಲ್ಲಿನ ನೆಲ, ಡಬ್ಬಿ ನೆಲಕ್ಕೇ ತಾಗಿರಲಿ. ಶೆಲ್ಫಿನ ಮೇಲಿಟ್ಟರೆ ಚೆಂದ ಕಾಣುತ್ತದೆ, ಸೆಖೆಯೂ ಅಲ್ಲೇ ಜಾಸ್ತಿ. ಡಬ್ಬಿಯೊಳಗೆ ತೆಂಗಿನ ನಾರಿನ ಪುಡಿ ಆಳವಾಗಿ ತುಂಬಿ. ಬೇಸಿಗೆಯಲ್ಲಿ ಒಂದು ಮೂಲೆಯ ತಳಕ್ಕೆ ಮಾತ್ರ ನೀರಿಳಿಸಿ, ಮೇಲ್ಭಾಗ ಒಣಗಿರಲಿ. ಬೇಕಾದ ಕಡೆ ಜೇಡವೇ ಹೋಗಿ ಕೂರುತ್ತದೆ. ನಾನು ಏಪ್ರಿಲಿನಿಂದ ಡಬ್ಬಿಗಳ ಪಕ್ಕ ಒದ್ದೆ ಗೋಣಿಚೀಲ ಹೊದಿಸಿದ ಮಣ್ಣಿನ ಮಡಕೆ ಇಡುತ್ತೇನೆ. ಕರೆಂಟ್ ಹೋದರೂ ಅದು ಕೆಲಸ ಮಾಡುತ್ತದೆ.

ಊಟಕ್ಕೆ ಹೊಲದ ಮಿಡತೆ ಹಿಡಿದು ಹಾಕಬೇಡಿ. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ, ಭತ್ತ. ಔಷಧಿ ಹೊಡೆಯದ ವಾರ ಯಾವುದು ಹೇಳಿ? ಮನುಷ್ಯನಿಗೆ ಏನೂ ಆಗದಷ್ಟು ಔಷಧಿ ಜೇಡಕ್ಕೆ ಸಾಕಾಗುತ್ತದೆ. ಮನೆಯ ಜಿರಳೆಗೂ ಅದೇ ಭಯ, ಪಕ್ಕದ ಮನೆಯವರು ಸ್ಪ್ರೇ ಹೊಡೆದಿರುತ್ತಾರೆ. ಊಟದ ಜಿರಳೆಯನ್ನು ಬೇರೆ ಡಬ್ಬಿಯಲ್ಲಿ ಸಾಕಿಕೊಳ್ಳಬೇಕು. ಗಜ್ಜರಿ, ಮೊಟ್ಟೆ ಇಡುವ ರಟ್ಟಿನ ಟ್ರೇ, ಸ್ವಲ್ಪ ಗೋಧಿ ತೌಡು. ಬೆಳೆದ ಜೇಡಕ್ಕೆ ವಾರಕ್ಕೊಂದು, ಹತ್ತು ದಿನಕ್ಕೊಂದು ಸಾಕು.

ತರಿಸುವುದು ಯಾವಾಗ ಅನ್ನುವುದೂ ಆಯ್ಕೆಯ ಭಾಗವೇ. ಮಾರ್ಚಿನಿಂದ ಜೂನ್ ನಡುವೆ ಯಾವ ಜೇಡವನ್ನೂ ಪಾರ್ಸೆಲ್ ತರಿಸಬೇಡಿ. ಲಾರಿಯೊಳಗೆ ಒಂದು ಮಧ್ಯಾಹ್ನ ಸಾಕು, ಡಬ್ಬಿಯಲ್ಲಿ ಬರುವುದು ಹೆಣ. ಮಳೆ ಹಿಡಿದು ಹವೆ ತಣಿದ ಮೇಲೆ ತರಿಸಿ. ಸಾಧ್ಯವಾದರೆ ನೀವೇ ಹೋಗಿ ರಾತ್ರಿ ರೈಲಿನಲ್ಲಿ ತನ್ನಿ. ಬಿಲ್ಲು, ಆಮದಿನ ಅಥವಾ ಇಲ್ಲೇ ಮರಿ ಮಾಡಿಸಿದ ಕಾಗದ ಕೈಗೆ ಬಂದ ಮೇಲೆ ದುಡ್ಡು ಕೊಡಿ.

ಅಳಿಯ ಜಿಬಿಬಿಗೆ ಒಪ್ಪಿದ್ದಾನೆ. ಆಗಸ್ಟ್ ಅಂತ ಬರೆದುಕೊಂಡಿದ್ದಾನೆ. "ಮಾಮ, ಜೇಡಕ್ಕೆ ಅಮ್ಮ ಹೂಂ ಅಂದಾಳೆ. ಆದ್ರೆ ಜಿರಳೆ ಸಾಕೋದು ಇನ್ನೂ ಹೇಳಿಲ್ಲ. ನೀನೇ ಹೇಳು" ಅಂದ. ನಾನು ಫೋನ್ ಇಟ್ಟುಬಿಟ್ಟೆ.